ಹಲಸಿನ ಮರದ ಗೇಮಿಂಗ್ ಕಂಪ್ಯೂಟರ್

ಅಂಗಡಿಯಿಂದ ಸಿದ್ಧ ಕಂಪ್ಯೂಟರ್ ತರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಕನಿಕರ. ನಾನು ಕುವೈತಿನ ಒಂದು ಕಟ್ಟಡ ಕಂಪೆನಿಯ ಖರೀದಿ ವಿಭಾಗದಲ್ಲಿ ಇಡೀ ಯೌವನವನ್ನು ಸವೆಸಿದವನು. ಮೂರು ಕೊಟೇಶನ್ ಕೈಗೆ ಬಾರದೆ ಬಾಗಿಲಿನ ಚಿಲಕವನ್ನೂ ಕೊಂಡವನಲ್ಲ. ಅಂಥ ನಾನು, ಒಂದು ಡಬ್ಬದೊಳಗೆ ನಾಲ್ಕು ಸಾಮಾನು ಜೋಡಿಸಿಟ್ಟ ಮಾತ್ರಕ್ಕೆ ಅಂಗಡಿಯವನಿಗೆ ಲಾಭ ಕೊಟ್ಟು ಬರುವುದೆಂದರೆ ವೃತ್ತಿಗೇ ಅವಮಾನ!

ಇದೆಲ್ಲ ಶುರುವಾದದ್ದು ಕಾಪುವಿನ ಹಮೀದನ ಒಂದು ಫೋನಿನಿಂದ. ಹಮೀದ್, ಕಾರ್ಕಳದ ಸದಾನಂದ ಮತ್ತು ಸಂತೆಕಟ್ಟೆಯ ನಾನು ಕುವೈತಿನ ಕ್ಯಾಂಪಿನಲ್ಲಿ ಒಂದೇ ಕೋಣೆಯವರು. ಪ್ರತಿ ಶುಕ್ರವಾರ ಊಟವಾದ ಮೇಲೆ ಟಿವಿಗೆ ಗೇಮಿನ ಪೆಟ್ಟಿಗೆ ಸಿಕ್ಕಿಸಿ ಫುಟ್‌ಬಾಲ್ ಆಡುತ್ತಿದ್ದೆವು. ಹಮೀದ್ ಬ್ಯಾರಿಯಲ್ಲಿ, ಸದಾನಂದ ತುಳುವಿನಲ್ಲಿ, ನಾನು ಕೊಂಕಣಿಯಲ್ಲಿ ಬೈಯುತ್ತಿದ್ದೆವು. ವಾರಪೂರ್ತಿ ಬಿಸಿಲಿನಲ್ಲಿ ಬೆಂದ ಜೀವಕ್ಕೆ ಆ ಎರಡು ಗಂಟೆಯೇ ಊರು. ನಿಜವಾಗಿ ಊರಿಗೆ ಬಂದು ನೆಲೆಸಿದ ಮೇಲೆ ನಾವು ಒಟ್ಟಾಗುವುದು ಯಾರದ್ದಾದರೂ ಮದುವೆ ಹಾಲಿನಲ್ಲಿ ಮಾತ್ರ. ಅಲ್ಲಿ ಮನಸ್ಸು ಬಿಚ್ಚಿ ಬೈಯುವ ಹಾಗೂ ಇಲ್ಲ. ಆ ಶುಕ್ರವಾರಗಳಿಲ್ಲದೆ ನನಗೆ ಬಹಳ ಬೇಜಾರಾಗುತ್ತಿತ್ತು.

"ಫೆಲಿಕ್ಸ್, ಈಗ ಅವರವರ ಮನೆಯಲ್ಲೇ ಕೂತು ಒಟ್ಟಿಗೆ ಆಡ್ಲಿಕ್ಕೆ ಆಗ್ತದೆ ಮಾರಾಯ," ಎಂದ ಹಮೀದ್. "ನಾನೂ ಸದಾನಂದನೂ ಕಂಪ್ಯೂಟರ್ ತಂದಾಯ್ತು. ನೀನೂ ಒಂದು ತಾ. ಪ್ರತಿ ಆದಿತ್ಯವಾರ ಸಂಜೆ ನಾಲ್ಕು ಗಂಟೆಗೆ ಆಟ."

"ರೆಡಿಮೇಡ್ ತಂದಿರಾ?" ಎಂದು ಕೇಳಿದೆ.

"ಹೌದು. ಅಂಗಡಿಯವ ತಂದು ಇಟ್ಟು, ಆನ್ ಮಾಡಿ ಕೊಟ್ಟು ಹೋದ. ಯಾಕೆ?"

"ಏನಿಲ್ಲ," ಎಂದೆ. ಗೆಳೆಯರ ಮನಸ್ಸು ನೋಯಿಸುವ ಸ್ವಭಾವ ನನ್ನದಲ್ಲ.

ನನ್ನ ಹೆಂಡತಿ ಗ್ರೆಟ್ಟಾ ಮನೆಯ ಹಣಕಾಸು ಸಚಿವೆ. ಯೋಜನೆಯನ್ನು ಅವಳ ಮುಂದೆ ಮಂಡಿಸಿದೆ. ಅವಳು ಮೀನು ತೊಳೆಯುತ್ತಲೇ ಕೇಳಿಸಿಕೊಂಡಳು.

"ಅರವತ್ತು ಸಾವಿರದಲ್ಲಿ ಮುಗಿಸಬೇಕು. ಆಮೇಲೆ ಬಂದು ಅದು ಬೇಕು, ಇದು ಬೇಕು ಹೇಳಬಾರದು," ಎಂದಳು. "ಮತ್ತೆ, ಹಮೀದ್ ತಂದ ಹಾಗೆ ಒಂದು ತಂದರೆ ಸಾಕಲ್ವಾ? ನಿಮಗೆ ಸುಮ್ಮನೆ ಯಾಕೆ ಇಲ್ಲದ ಕೆಲಸ?"

"ಗ್ರೆಟ್ಟಾ, ಅದೇ ಹಣಕ್ಕೆ ನಾನು ಅದರ ಎರಡರಷ್ಟು ಶಕ್ತಿಯ ಕಂಪ್ಯೂಟರ್ ಮಾಡುತ್ತೇನೆ. ಖರೀದಿ ಎಂದರೆ ಒಂದು ವಿದ್ಯೆ."

ಅವಳು ಮೀನಿನ ತಲೆಯನ್ನು ಒಂದೇ ಏಟಿಗೆ ಬೇರ್ಪಡಿಸಿದಳು. ಅದನ್ನು ನಾನು ಮಂಜೂರಾತಿ ಎಂದು ಪರಿಗಣಿಸಿದೆ.

ಮರುದಿನವೇ ಕಾರ್ಯಪ್ರವೃತ್ತನಾದೆ. ಮಣಿಪಾಲದ ಅಂಗಡಿಯ ಶೆಟ್ಟರು ಬಹಳ ಮರ್ಯಾದೆಯಿಂದ ಕೂರಿಸಿ, "ಸರ್, ನೀವು ಎಂತ ಗೇಮ್ ಆಡುವುದು?" ಎಂದು ಕೇಳಿದರು. ಐವತ್ತೆಂಟರ ಮನುಷ್ಯ ಬರೀ ಫುಟ್‌ಬಾಲ್ ಎಂದರೆ ಸಣ್ಣದಾಗಿ ಕಾಣುತ್ತದೆ ಎನ್ನಿಸಿತು. "ಎಲ್ಲ ಗೇಮ್," ಎಂದೆ. ಶೆಟ್ಟರ ಮುಖದಲ್ಲಿ ಗೌರವ ಹೆಚ್ಚಿತು. ಹಾಗಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಪರದೆಯ ಮೇಲೆ ಚಿತ್ರ ಓಡಿಸುವುದು ಅದೇ, ಎಂದು ವಿವರಿಸಿ ಇಡೀ ಕಂಪ್ಯೂಟರಿನ ದರ ಬರೆದುಕೊಟ್ಟರು. ನಾನು ಅದನ್ನು ಜೇಬಿಗೆ ಹಾಕಿಕೊಂಡು ಉಡುಪಿಗೆ ಬಂದೆ. ಅಲ್ಲಿಂದ ಆದಿ ಉಡುಪಿಗೆ ಹೋದೆ. ಮೂರು ಕೊಟೇಶನ್ ಕೈಗೆ ಬಂದಾಗ ಕುವೈತಿನ ಕುರ್ಚಿಯಲ್ಲಿ ಕೂತಷ್ಟೇ ಸುಖವಾಯಿತು. ಯಾವ ಅಂಗಡಿಯಲ್ಲಿ ಯಾವ ಭಾಗ ಅಗ್ಗವೋ ಆ ಭಾಗವನ್ನು ಅಲ್ಲಿಂದಲೇ ಕೊಳ್ಳುವುದೆಂದು ನಿರ್ಧರಿಸಿದೆ.

"ಪೂರ್ತಿ ಇಲ್ಲಿಂದಲೇ ತಗೊಂಡ್ರೆ ಜೋಡಿಸಿ, ಓಡಿಸಿ ತೋರಿಸಿ ಕೊಡ್ತೇವೆ," ಎಂದರು ಶೆಟ್ಟರು. "ಒಂದೊಂದು ಸಾಮಾನು ಒಂದೊಂದು ಕಡೆ ತಂದ್ರೆ ಮತ್ತೆ ನಮ್ಮ ಹತ್ರ ಬಂದು ಹೇಳ್ಬೇಡಿ ಸರ್."

ಟೆಂಡರ್ ಕೈತಪ್ಪುವಾಗ ಎಲ್ಲ ಮಾರಾಟಗಾರರೂ ಹೀಗೆಯೇ ಹೆದರಿಸುತ್ತಾರೆ. ನಾನು ನಕ್ಕು, ಅವರಿಂದ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಮಾತ್ರ ತೆಗೆದುಕೊಂಡೆ. ರ‍್ಯಾಮ್ ಉಡುಪಿಯಿಂದ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಆದಿ ಉಡುಪಿಯಿಂದ ಬಂತು. ಕ್ಯಾಬಿನೆಟ್ ಎಂದರೆ ತಗಡಿನ ಡಬ್ಬ ತಾನೆ ಎಂದು ಎಲ್ಲಕ್ಕಿಂತ ಅಗ್ಗದ್ದನ್ನು ಆರಿಸಿದೆ.

ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಹೊಸದರ ದರ ಕೇಳಿ ನನಗೆ ಬೆವರು ಬಂತು. ಆಗ ಕಾಪುವಿನಲ್ಲಿ ಒಂದು ಗೇಮಿಂಗ್ ಸೆಂಟರ್ ಮುಚ್ಚುತ್ತಿದ್ದಾರೆ, ಹಳೆಯ ಕಾರ್ಡುಗಳನ್ನು ಕೊಡುತ್ತಾರೆ ಎಂದು ಗೊತ್ತಾಯಿತು. ಬಸ್ ಹತ್ತಿ ಹೋದೆ. ಸೆಂಟರಿನ ಯಜಮಾನ ಮೇಜಿನ ಮೇಲೆ ಎರಡು ಕಾರ್ಡ್ ಇಟ್ಟ. ಒಂದು ಚಿಕ್ಕದು, ಸ್ವಲ್ಪ ಹೊಸದು. ಇನ್ನೊಂದು ಉದ್ದಕ್ಕೆ ಮಲಗಿದ್ದ ದೊಡ್ಡದು, ಮೂರು ಫ್ಯಾನಿನದ್ದು, ಹಳೆಯದು. ಬೆಲೆ ಎರಡಕ್ಕೂ ಒಂದೇ.

ಬಂಗುಡೆ ಮೀನಿನ ಬೆಲೆಗೆ ದುಬಾರಿ ಅಂಜಲ್ ಸಿಗುವಾಗ ಬಂಗುಡೆ ತರುವವನನ್ನು ನಮ್ಮ ಕರಾವಳಿಯಲ್ಲಿ ಮನೆಯೊಳಗೆ ಸೇರಿಸುವುದಿಲ್ಲ. ಎರಡನ್ನೂ ಕೈಯಲ್ಲಿ ತೂಗಿ ನೋಡಿ ದೊಡ್ಡದನ್ನೇ ಎತ್ತಿಕೊಂಡೆ.

"ವಾರಂಟಿ ಇಲ್ಲ ಅಂಕಲ್," ಎಂದ ಯಜಮಾನ. "ಇಲ್ಲಿ ಆನ್ ಮಾಡಿ ತೋರಿಸ್ತೇನೆ. ಗೇಟ್ ದಾಟಿದ ಮೇಲೆ ನೀವುಂಟು, ಕಾರ್ಡ್ ಉಂಟು."

ಮನೆಗೆ ಬಂದಾಗ ತಿಳಿದದ್ದು, ಆ ಕಾರ್ಡಿಗೆ ನಾನು ತಂದ ಎಸ್‌ಎಂಪಿಎಸ್ ಸಾಲದು ಎಂದು. ದೊಡ್ಡ ಹೊಟ್ಟೆಗೆ ದೊಡ್ಡ ಊಟವೇ ಬೇಕಲ್ಲ! ಹಳೆಯದನ್ನು ವಾಪಸು ಕೊಟ್ಟು ಎರಡರಷ್ಟು ಬೆಲೆಯದ್ದನ್ನು ತಂದೆ. ಅಲ್ಲಿಗೆ ಮಾನಿಟರಿಗೆಂದು ಇಟ್ಟಿದ್ದ ಹಣ ಖರ್ಚಾಯಿತು. ತುರ್ತು ಕ್ರಮವಾಗಿ ಮನೆಯ ಹಾಲ್‌ನಲ್ಲಿದ್ದ ಟಿವಿಯನ್ನೇ ಮಾನಿಟರ್ ಎಂದು ಘೋಷಿಸಿದೆ. ಗ್ರೆಟ್ಟಾ ಸಂಜೆ ಧಾರಾವಾಹಿ ನೋಡುವ ಟಿವಿ ಅದು. ಅಂದು ರಾತ್ರಿಯ ಸಾರಿನಲ್ಲಿ ಉಪ್ಪು ಇರಲಿಲ್ಲ.

ಜೋಡಿಸುವ ಕೆಲಸವನ್ನು ಊಟದ ಮೇಜಿನ ಮೇಲೆ ರಟ್ಟು ಹಾಸಿ, ಮೊಬೈಲಿನಲ್ಲಿ ವಿಡಿಯೊ ನೋಡಿ ಮಾಡಿದೆ. ಆಶ್ಚರ್ಯವೆಂದರೆ ಅದು ಓಡಿತು! ಫ್ಯಾನುಗಳು ತಿರುಗಿದವು, ಕೆಂಪು ನೀಲಿ ಹಸಿರು ದೀಪಗಳು ಹೊತ್ತಿದವು, ಟಿವಿಯಲ್ಲಿ ಹಸಿರು ಮೈದಾನ ಬಂತು. ನಾನು ಒಬ್ಬನೇ ಆಡಿ ಒಂದು ಗೋಲು ಹೊಡೆದೆ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ತುಂಬಿ ಬಂತು.

"ಹಾಗೇ ಇರಲಿ, ಇನ್ನು ಮುಟ್ಟಬೇಡಿ," ಎಂದಳು ಗ್ರೆಟ್ಟಾ.

"ಊಟ ಎಲ್ಲಿ ಮಾಡುವುದು?"

"ನೆಲದಲ್ಲಿ ಮಾಡುವ. ನನಗೆ ತೊಂದರೆ ಇಲ್ಲ."

ಅವಳ ಮಾತು ಕೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕ್ಯಾಬಿನೆಟ್ ಇರುವಾಗ ಮೇಜಿನ ಮೇಲೆ ಹರಡಿಡುವುದು ಯಾವ ಶಿಸ್ತು? ಎಲ್ಲವನ್ನೂ ಬಿಚ್ಚಿ ತಗಡಿನ ಡಬ್ಬಕ್ಕೆ ಸೇರಿಸಲು ಕೂತೆ. ಕಾರ್ಡ್ ಒಳಗೆ ಹೋಗಲೇ ಇಲ್ಲ. ಓರೆ ಮಾಡಿದೆ, ತಲೆಕೆಳಗು ಮಾಡಿದೆ, ಕೊನೆಗೆ ಕಬ್ಬಿಣ ಕೊಯ್ಯುವ ಗರಗಸ ತಂದು ಡಬ್ಬದ ಮುಂಭಾಗವನ್ನೇ ಕೊಯ್ದೆ. ಆದರೂ ಒಳಗಿನ ಇನ್ನೊಂದು ಅಡ್ಡಪಟ್ಟಿಗೆ ತಾಗಿ ನಿಂತಿತು. ಕಾರ್ಡಿಗೆ ಹೊಂದುವ ಕ್ಯಾಬಿನೆಟಿನ ಬೆಲೆ ವಿಚಾರಿಸಿದೆ. ಅಷ್ಟು ಹಣ ಇರಲಿಲ್ಲ. ಕೊಯ್ದ ಡಬ್ಬವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲೂ ಇಲ್ಲ.

ಈ ನಡುವೆ ಎರಡು ಆದಿತ್ಯವಾರ ನಾನು ಆಟಕ್ಕೆ ಚಕ್ಕರ್ ಹಾಕಿಯಾಗಿತ್ತು. ಹಮೀದನಿಂದ ಫೋನ್ ಬಂತು.

"ಇಬ್ಬರೇ ಆಡಿ ಆಡಿ ಬೋರ್ ಆಯ್ತು ಮಾರಾಯ. ಸದಾನಂದನ ಭಾವ ಉಂಟಲ್ಲ, ಅವನನ್ನು ಸೇರಿಸುವ ಅಂತ ಹೇಳ್ತಿದ್ದಾನೆ."

ಸದಾನಂದನ ಭಾವನನ್ನು ನಾನು ಬಲ್ಲೆ. ಎಲ್ಲದಕ್ಕೂ ಗಹಗಹಿಸಿ ನಗುವ ಮನುಷ್ಯ. ಕುವೈತಿನ ಕೋಣೆಯ ಮುಖ ಕಂಡವನಲ್ಲ. ನನ್ನ ಜಾಗದಲ್ಲಿ ಅವನು!

"ಬರುವ ತಿಂಗಳ ಮೊದಲ ಆದಿತ್ಯವಾರ ನಾನು ಖಂಡಿತ ಬರುತ್ತೇನೆ," ಎಂದೆ.

"ಸರಿ. ಆ ದಿನ ನಾಲ್ಕು ಗಂಟೆಗೆ ನೀನು ಕಾಣದಿದ್ರೆ ಭಾವನೇ ಮೂರನೆಯವ. ಮತ್ತೆ ಬೇಜಾರು ಮಾಡ್ಬಾರ್ದು."

ಆಗ ನನಗೆ ಹೊಳೆದದ್ದು ಹಲಸಿನ ಮರ. ನಮ್ಮ ಮನೆಯ ಹಿಂದೆ ಹಳೆಯ ಹಲಗೆಗಳು ಬಿದ್ದಿದ್ದವು. ಮರದ ಕ್ಯಾಬಿನೆಟ್ ಮಾಡಿಸಿದರೆ ಕೂಲಿ ಮಾತ್ರ ಖರ್ಚು. ಒಳ್ಳೆಯ ಬಡಗಿ ಯಾರಿದ್ದಾರೆ ಎಂದು ಸದಾನಂದನನ್ನು ಕೇಳಿದೆ, ಯಾತಕ್ಕೆಂದು ಹೇಳಲಿಲ್ಲ. ಅವನು ಕಾರ್ಕಳದಿಂದ ಒಬ್ಬ ಆಚಾರ್ಯರನ್ನು ಕಳಿಸಿದ. ನಮ್ಮ ಕ್ರೈಸ್ತ ಮನೆಗಳ ಗೋಡೆಯಲ್ಲಿ ಸಂತರ ಪ್ರತಿಮೆ ಇಡಲು ಮರದ ಗೂಡು ಇರುತ್ತದಲ್ಲ, ಆಲ್ತಾರ್ ಎನ್ನುತ್ತೇವೆ, ಅದನ್ನು ಮಾಡುವುದರಲ್ಲಿ ಇವರ ಹೆಸರು ದೊಡ್ಡದಂತೆ. ಅಳತೆ ಕೊಟ್ಟೆ. ಮುಂದೆ ಗಾಜಿನ ಬಾಗಿಲು ಇರಲಿ, ಒಳಗಿನ ದೀಪ ಕಾಣಬೇಕು ಎಂದೆ. ಗಾಳಿಯಾಡಲು ತೂತುಗಳು ಬೇಕು ಎಂದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

ಅವರು ಮಾಡಿ ತಂದದ್ದನ್ನು ಪಿಕಪ್‌ನಿಂದ ಇಳಿಸುವಾಗ ನಾನೂ ಗ್ರೆಟ್ಟಾಳೂ ಅಂಗಳದಲ್ಲಿ ನಿಂತು ನೋಡಿದೆವು. ಮೇಲೆ ಕಮಾನು. ಎರಡು ಬದಿಯಲ್ಲಿ ಕಡೆದ ಕಂಬ. ಕಂಬಕ್ಕೆ ಸುತ್ತಿದ ದ್ರಾಕ್ಷಿಯ ಬಳ್ಳಿ. ತೂತುಗಳೆಲ್ಲ ನಕ್ಷತ್ರದ ಆಕಾರದಲ್ಲಿದ್ದವು. ತಳಕ್ಕೆ ನೀಲಿ ವೆಲ್ವೆಟ್ ಹಾಸಿತ್ತು.

"ಆಚಾರ್ರೇ, ಇದು ಆಲ್ತಾರ್ ಆಯ್ತಲ್ಲ," ಎಂದೆ.

"ನನಗೆ ಡಿಸೈನ್ ಒಂದೇ ಗೊತ್ತಿರುವುದು ಸರ್," ಎಂದರು ಆಚಾರ್ಯರು. "ಒಳಗೆ ಯಾರನ್ನು ಕೂರಿಸುವುದು ಅಂತ ನಿಮ್ಮ ಇಷ್ಟ."

ಕಾರ್ಡ್ ಒಳಗೆ ಸಲೀಸಾಗಿ ಕೂತಿತು, ಅದೊಂದೇ ಸಮಾಧಾನ. ಟಿವಿ ಹಾಲಿನಲ್ಲಿ ಇದ್ದುದರಿಂದ ಪೆಟ್ಟಿಗೆಯನ್ನೂ ಅಲ್ಲೇ ಇಡಬೇಕಾಯಿತು. ಪ್ಲಗ್ ಇದ್ದದ್ದು ನಮ್ಮ ನಿಜವಾದ ಆಲ್ತಾರಿನ ಬದಿಯಲ್ಲಿ. ಆದ್ದರಿಂದ ಹೊಸದು ಹಳೆಯದರ ಪಕ್ಕದಲ್ಲೇ ವಿರಾಜಮಾನವಾಯಿತು. ಆನ್ ಮಾಡಿ ನೋಡಿದೆ. ಮೈದಾನ ಬಂತು, ಆಟಗಾರರು ಓಡಿದರು. ಆದಿತ್ಯವಾರಕ್ಕೆ ಇನ್ನೂ ಸಮಯ ಇತ್ತು. ನಾನು ಗೆದ್ದಿದ್ದೆ!

ಅಂದು ಸಂಜೆ ಪಕ್ಕದ ಮನೆಯ ಸೆವ್ರಿನ್ ಬಾಯಿ ಬಂದರು. ಎಂಬತ್ತು ದಾಟಿದ ಅಜ್ಜಿ, ಕಣ್ಣು ಮಂದ, ಭಕ್ತಿ ಚುರುಕು. ಗಾಜಿನ ಹಿಂದೆ ಬಣ್ಣಬಣ್ಣದ ಬೆಳಕು ಕಂಡದ್ದೇ ತಡ, ಶಿಲುಬೆಯ ಗುರುತು ಮಾಡಿ ಮೊಣಕಾಲೂರಿದರು.

"ಯಾವ ಸಂತರು ಪುತಾ?" ಎಂದು ಮಗನನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು.

"ಸಂತರಲ್ಲ ಬಾಯಿ, ಕಂಪ್ಯೂಟರ್."

"ಈಗ ಎಲ್ಲ ಕಂಪ್ಯೂಟರ್‌ನಲ್ಲೇ ಅಲ್ವಾ," ಎಂದು ಅವರು ಪ್ರಾರ್ಥನೆ ಮುಂದುವರಿಸಿದರು. ಮರುದಿನ ಶಂಕರಪುರ ಮಲ್ಲಿಗೆಯ ಒಂದು ಚೆಂಡು ಮಾಲೆ ತಂದು ಕಮಾನಿಗೆ ತೂಗುಹಾಕಿದರು. ಪೆಟ್ಟಿಗೆಯ ಫ್ಯಾನು ಇಡೀ ಹಾಲಿಗೆ ಮಲ್ಲಿಗೆಯ ಪರಿಮಳವನ್ನು ಹರಡಿತು. ಗೇಮಿಂಗ್ ಕಂಪ್ಯೂಟರಿಗೆ ಇಂಥ ಸೌಲಭ್ಯ ಬೇರೆಲ್ಲೂ ಇರಲಾರದು.

ಆ ಮೊದಲ ಆದಿತ್ಯವಾರ ಬಂತು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ನಮ್ಮ ವಠಾರದ ಮನೆಗಳಿಗೆ ಫಾದರ್ ಭೇಟಿ ಕೊಡುವ ಸರದಿ. ಮನೆಯನ್ನು ಆಶೀರ್ವದಿಸಿ, ಹೊಸ ವಾಹನ, ಹೊಸ ಪಂಪು ಏನಾದರೂ ಇದ್ದರೆ ಅದಕ್ಕೂ ಪವಿತ್ರ ಜಲ ಚಿಮುಕಿಸಿ ಹೋಗುವುದು ವಾಡಿಕೆ. ನನ್ನ ತಲೆಯಲ್ಲಿ ವಾರಂಟಿ ಇಲ್ಲದ ಕಾರ್ಡ್ ಕೊರೆಯುತ್ತಿತ್ತು. ಭೂಮಿಯ ಮೇಲಿನ ಯಾವ ಕಂಪೆನಿಯೂ ಅದರ ಹೊಣೆ ಹೊರುವುದಿಲ್ಲ. ಮೇಲಿನಿಂದಾದರೂ ಒಂದು ವಾರಂಟಿ ಸಿಕ್ಕಿದರೆ ಒಳ್ಳೆಯದಲ್ಲವೇ?

"ಫಾದರ್, ಇದಕ್ಕೂ ಒಂದು ಆಶೀರ್ವಾದ," ಎಂದೆ. ಅವರ ಹಿಂದೆಯೇ ಸೆವ್ರಿನ್ ಬಾಯಿಯೂ ಬಂದು ನಿಂತಿದ್ದರು.

ಫಾದರ್ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನು ನೋಡಿದರು. "ಇದು ಕರೆಂಟಿನದ್ದಲ್ವಾ ಫೆಲಿಕ್ಸಾಬ್?" ಎಂದು ಕೇಳಿ, ಕಮಾನಿನ ಮೇಲೆ ಬಲು ಜಾಗ್ರತೆಯಿಂದ ಒಂದೇ ಒಂದು ಹನಿ ಚಿಮುಕಿಸಿದರು. ಹನಿ ಮರದ ದ್ರಾಕ್ಷಿಯ ಮೇಲೆ ನಿಂತಿತು. ನನಗೆ ತೃಪ್ತಿಯಾಗಲಿಲ್ಲ. ತೊಂದರೆ ಇರುವುದು ಒಳಗೆ, ಆಶೀರ್ವಾದ ಹೊರಗೆ ಆದರೆ ಏನು ಪ್ರಯೋಜನ? ಸ್ವಿಚ್ ಆಫ್ ಮಾಡಿ ಗಾಜಿನ ಬಾಗಿಲನ್ನು ಪೂರ್ತಿ ತೆರೆದೆ.

"ಒಳಗೂ ಸ್ವಲ್ಪ ಫಾದರ್."

"ಅದು ಬೇಡ," ಎಂದರು ಫಾದರ್. "ದೇವರಿಗೆ ಹೊರಗಿನಿಂದಲೂ ಕಾಣುತ್ತದೆ." ಅವರು ಮುಂದಿನ ಮನೆಗೆ ಹೊರಟರು. ನಾನು ಅವರನ್ನು ಗೇಟಿನವರೆಗೆ ಬಿಟ್ಟು ಬರಲು ಹೋದೆ. ಬಾಗಿಲು ತೆರೆದೇ ಇತ್ತು.

ಹಿಂತಿರುಗಿ ಬಂದಾಗ ಸೆವ್ರಿನ್ ಬಾಯಿ ಪೆಟ್ಟಿಗೆಯ ಮುಂದೆ ನಿಂತಿದ್ದರು. ಅವರ ಕೈಯಲ್ಲಿ ಯಾತ್ರೆಯಿಂದ ತಂದ ಪವಿತ್ರ ಜಲದ ಬಾಟಲಿ. ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ನೀಲಿ ಕಿರೀಟವೇ ಮುಚ್ಚಳ. ಕಿರೀಟ ಕೆಳಗಿತ್ತು. ಬಾಟಲಿ ಖಾಲಿಯಾಗಿತ್ತು.

"ನೀನು ಅಷ್ಟು ಆಸೆಯಿಂದ ಕೇಳಿದೆ, ಫಾದರ್ ಹಾಕಲಿಲ್ಲ," ಎಂದರು ಅವರು. "ನನಗೆ ನೋಡಿ ಪಾಪ ಅನ್ನಿಸಿತು ಪುತಾ."

ಅವರನ್ನು ಬೈಯುವುದು ಹೇಗೆ? ಕೇಳಿದವನು ನಾನು, ಬಾಗಿಲು ತೆರೆದಿಟ್ಟವನೂ ನಾನು. ಧನ್ಯವಾದ ಹೇಳಿ ಮನೆಗೆ ಕಳಿಸಿದೆ. ಆಮೇಲೆ ಟವೆಲಿನಿಂದ ಒರೆಸಿದೆ. ನೀಲಿ ವೆಲ್ವೆಟ್ ಅರ್ಧ ನೀರನ್ನು ಕುಡಿದು ಉಬ್ಬಿತ್ತು. ಗ್ರೆಟ್ಟಾ ಬಂದು ನೋಡಿದಳು.

"ಎರಡು ದಿನ ಬಿಸಿಲಿಗೆ ಇಡಿ. ಒಣಗದೆ ಸ್ವಿಚ್ ಮುಟ್ಟಬೇಡಿ."

"ನಾಲ್ಕು ಗಂಟೆಗೆ ಆಟ ಗ್ರೆಟ್ಟಾ! ಇಲ್ಲದಿದ್ದರೆ ಸದಾನಂದನ ಭಾವ ಬರುತ್ತಾನೆ."

"ಬರಲಿ. ಅವನೇನು ಹುಲಿಯಾ?"

ಅವಳಿಗೆ ಅರ್ಥವಾಗಲಿಲ್ಲ. ಅವಳ ಕೂದಲು ಒಣಗಿಸುವ ಯಂತ್ರವನ್ನು ಕೇಳದೆ ತಂದು ಊದಿದೆ. ಮೇಲೆಲ್ಲ ಒಣಗಿದ ಹಾಗೆ ಕಂಡಿತು. ಮೂರೂಮುಕ್ಕಾಲು ಆಗಿತ್ತು. ಶಿಲುಬೆಯ ಗುರುತು ಮಾಡಿ ಸ್ವಿಚ್ ಒತ್ತಿದೆ.

ದೀಪಗಳೆಲ್ಲ ಹೊತ್ತಿದವು. ಫ್ಯಾನುಗಳು ತಿರುಗಿದವು. ಒಳಗೆ ಎಲ್ಲೋ ಸಣ್ಣಗೆ 'ಚಿಟ್' ಎಂದು ಕೇಳಿಸಿತು, ಸುಟ್ಟ ವಾಸನೆ ಬಂತು. ಟಿವಿಯ ಪರದೆ ಕಪ್ಪಾಗಿಯೇ ಉಳಿಯಿತು. ಆಫ್ ಮಾಡಿದೆ, ಆನ್ ಮಾಡಿದೆ. ದೀಪ ಬಂತು, ಚಿತ್ರ ಬರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಫೋನ್ ಬಂತು.

"ಎಲ್ಲಿದ್ದಿ ಮಾರಾಯ? ನಾವು ಕಾಯ್ತಾ ಇದ್ದೇವೆ," ಎಂದ ಹಮೀದ್.

"ಹಮೀದ್, ಸ್ವಲ್ಪ ನೀರು ಬಿದ್ದಿದೆ."

"ಎಂತ ನೀರು?"

"ಪವಿತ್ರ ಜಲ."

ಹಮೀದನ ಹಿಂದಿನಿಂದ, ಅವನ ಕಂಪ್ಯೂಟರಿನ ಸ್ಪೀಕರಿನಲ್ಲಿ, ಯಾರೋ ಗಹಗಹಿಸಿ ನಗುವುದು ಕೇಳಿಸಿತು. ಭಾವ ಆಗಲೇ ಬಂದು ಸೇರಿಕೊಂಡಿದ್ದ.

ಮದರ್‌ಬೋರ್ಡ್ ತೀರಿಕೊಂಡಿದೆ ಎಂದು ಮಣಿಪಾಲದ ಶೆಟ್ಟರು ಖಚಿತಪಡಿಸಿದರು. ನೀರು ಎಲ್ಲಿಂದ ಬಂತು ಎಂದು ಕೇಳಿದರು. ಉತ್ತರ ಕೊಡುವ ಬದಲು ನಾನು ಎಲ್ಲವನ್ನೂ ಮನೆಗೆ ತಂದು ಮೊದಲಿನ ಹಾಗೆ ಪೆಟ್ಟಿಗೆಯಲ್ಲಿ ಜೋಡಿಸಿಟ್ಟೆ. ಹೊಸದಕ್ಕೆ ಗ್ರೆಟ್ಟಾಳಿಂದ ಮಂಜೂರಾತಿ ಸಿಗಲಿಲ್ಲ.

ಮುಂದಿನ ವಾರ ಸದಾನಂದ ನನ್ನನ್ನು ಸಮಾಧಾನ ಮಾಡಲು ಕಾರ್ಕಳದಿಂದ ಬಂದ. ಪೆಟ್ಟಿಗೆಯನ್ನು ಕಂಡು ಮೊದಲು ಚಪ್ಪಲಿ ಬಿಟ್ಟ. ಆಮೇಲೆ ಗಾಜಿನ ಬಾಗಿಲು ತೆಗೆದು ಒಳಗೆ ಉದ್ದಕ್ಕೆ ಮಲಗಿದ್ದ ಕಾರ್ಡನ್ನು ನೋಡಿ ಕೇಳಿದ, "ಇದು ಎಂತ?"

"ಗ್ರಾಫಿಕ್ಸ್ ಕಾರ್ಡ್. ಇದಕ್ಕಾಗಿಯೇ ಈ ಪೆಟ್ಟಿಗೆ, ಇದಕ್ಕಾಗಿಯೇ ದೊಡ್ಡ ಎಸ್‌ಎಂಪಿಎಸ್. ನಿಮ್ಮದರಲ್ಲಿ ಯಾವುದುಂಟು?"

"ನಮ್ಮದರಲ್ಲಿ ಇದು ಇಲ್ಲವೇ ಇಲ್ಲ," ಎಂದ ಸದಾನಂದ. "ಫುಟ್‌ಬಾಲಿಗೆ ಬೇಡ ಅಂತ ಅಂಗಡಿಯವ ಹೇಳಿದ. ಪ್ರೊಸೆಸರಲ್ಲೇ ಚಿತ್ರ ಬರ್ತದೆ. ನಿನಗೆ ಯಾರೂ ಹೇಳ್ಲಿಲ್ವಾ?"

ನಾನು ಚಹಾ ತರುವ ನೆಪದಲ್ಲಿ ಅಡಿಗೆಮನೆಗೆ ಹೋದೆ.

ಈಗ ಪ್ರತಿ ಆದಿತ್ಯವಾರ ಊಟ ಮುಗಿಸಿ ಬಸ್ ಹತ್ತಿ ಕಾಪುವಿಗೆ ಹೋಗುತ್ತೇನೆ. ಹಮೀದ್ ಒಳ್ಳೆಯವನು, ಪಕ್ಕದಲ್ಲೇ ಕುರ್ಚಿ ಹಾಕಿ ಕೊಡುತ್ತಾನೆ. ಮೊದಲ ಅರ್ಧದಲ್ಲಿ ಅವನು ಮೂರು ನಾಲ್ಕು ಗೋಲು ಹೊಡೆದು ಭದ್ರ ಮಾಡಿಕೊಂಡ ಮೇಲೆ ಎರಡನೆಯ ಅರ್ಧ ನನಗೆ ಬಿಟ್ಟುಕೊಡುತ್ತಾನೆ. ಆ ಗೋಲುಗಳನ್ನೆಲ್ಲ ನಾನು ಭಾವನಿಗೆ ವಾಪಸು ಕೊಟ್ಟು ಬರುತ್ತೇನೆ. ಭಾವ ನಗುತ್ತಾನೆ. ನಾನು ಕೊಂಕಣಿಯಲ್ಲಿ ಬೈಯುತ್ತೇನೆ. ಅಷ್ಟಾದರೂ ಆಯಿತಲ್ಲ.

ಇತ್ತ ಪೆಟ್ಟಿಗೆಯ ದೀಪಗಳು ಈಗಲೂ ಚೆನ್ನಾಗಿ ಹೊತ್ತುತ್ತವೆ. ಸೆವ್ರಿನ್ ಬಾಯಿಯವರ ಪ್ರಕಾರ ಅದರಲ್ಲಿ ಯಾವ ದೋಷವೂ ಇಲ್ಲ. ಒಳಗಿನ ಉದ್ದದ ಕಾರ್ಡ್ ಒಳ್ಳೆಯ ಹಲಗೆಯಂತೆ ಇದೆ ಎಂದು ಅದರ ಮೇಲೆ ಒಬ್ಬ ಸಂತರನ್ನು ತಂದು ನಿಲ್ಲಿಸಿದ್ದಾರೆ. ದಿನಾ ಸಂಜೆ ಬಂದು ಮೊಣಕಾಲೂರಿ ಪ್ರಾರ್ಥಿಸುತ್ತಾರೆ. ಮೊನ್ನೆ ನಾನು ಪಕ್ಕದಲ್ಲಿ ಕೂತು, ಸದಾನಂದನ ಭಾವನಿಗೆ ಆದಿತ್ಯವಾರಕ್ಕೆ ಸರಿಯಾಗಿ ಒಂದು ಸಣ್ಣ ನೆಗಡಿ ಬರುವ ಹಾಗೆ ಬೇಡಿಕೊಳ್ಳಬಹುದೇ ಎಂದು ಕೇಳಿದೆ.

"ಅದಕ್ಕೆಲ್ಲ ಈಗ ಸಮಯ ಇಲ್ಲ ಪುತಾ," ಎಂದರು ಬಾಯಿ. "ನಾನು ಗ್ರೆಟ್ಟಾಳಿಗೋಸ್ಕರ ಬೇಡುತ್ತಾ ಇದ್ದೇನೆ. ಅವಳಿಗೆ ಇನ್ನೂ ಸ್ವಲ್ಪ ತಾಳ್ಮೆ ಕೊಡು ಅಂತ."

ಅಡಿಗೆಮನೆಯಿಂದ ಗ್ರೆಟ್ಟಾ ಗಟ್ಟಿಯಾಗಿ "ಆಮೆನ್" ಎಂದಳು.